ಬಸಮ್ಮ ಕುಡಿಯದ ಪಾಠ

ಒಂದು ಸೀಸೆ ಪಾಠ ಕುಡಿದರೆ ಸಾಕು, ಸಂಜೆಯವರೆಗೆ ಆ ಕೆಲಸ ಕೈಗೆ ಬರುತ್ತಿತ್ತು. ಆದರೆ ಬರೆದಷ್ಟೇ ಬರುತ್ತಿತ್ತು, ಬಿಟ್ಟದ್ದು ಬರುತ್ತಿರಲಿಲ್ಲ. ಅದಕ್ಕೇ ಲೈನ್‌ಮನ್ ತರಬೇತಿ ಕೇಂದ್ರದಲ್ಲಿ ಪಾಠ ಬರೆಯುವ ನಾಗವೇಣಿ ಪ್ರತಿ ಹೊಸ ಸೀಸೆಯನ್ನೂ ಮೊದಲು ಚಹಾ ಮಾಡುವ ಬಸಮ್ಮನಿಗೆ ಕುಡಿಸಿ ನೋಡುವಳು. ಬಸಮ್ಮನಿಗೆ ಕಂಬದ ಗಂಧಗಾಳಿಯೂ ಗೊತ್ತಿರಲಿಲ್ಲ. ಪಾಠದ ತೂತುಗಳೆಲ್ಲ ಅವಳ ಕೈಯಲ್ಲಿ ಬಯಲಾಗುತ್ತಿದ್ದವು.

ಈ ಸಲ ಬಸಮ್ಮ ರಜೆಯಲ್ಲಿದ್ದಳು. ಹತ್ತು ವರ್ಷ ಲೈನ್ ಕೆಲಸ ಮಾಡಿದ್ದ ನಾಗವೇಣಿ ತಾನೇ ಕುಡಿದು, ಕಂಬ ಹತ್ತಿ ಇಳಿದು, ಪಾಠ ಸರಿಯಿದೆ ಎಂದು ರುಜು ಹಾಕಿಬಿಟ್ಟಿದ್ದಳು.

ಈಗ ಅಂಗಳದ ಕಂಬದ ಮೇಲೆ ಹೊಸಬ ಈರಣ್ಣನಿದ್ದ. ಅವನ ಕೈ ಸೊಂಟದಲ್ಲಿದ್ದ ಟೆಸ್ಟರ್ ಮುಟ್ಟದೆ ನೇರ ತಂತಿಯ ಕಡೆ ಹೊರಟಿತು. ಕೆಳಗೆ ನಿಂತಿದ್ದ ನಾಗವೇಣಿಗೆ ಆಗ ಹೊಳೆಯಿತು. ಕರೆಂಟ್ ಇದೆಯೋ ಇಲ್ಲವೋ ನೋಡುವ ಹೆಜ್ಜೆಯನ್ನು ಅವಳು ಬರೆದೇ ಇರಲಿಲ್ಲ. ಅವತ್ತು ಕಂಬದ ಮೇಲೆ ಅದನ್ನು ತಾನಾಗಿ ಮಾಡಿ ಮುಗಿಸಿದ್ದು ಅವಳ ಹಳೇ ಕೈ.

"ಈರಣ್ಣಾ, ನಿಲ್ಲೋ."

ಪಾಠ ನಡೆಯುವಾಗ ಯಾರ ಮಾತೂ ಕಿವಿಗೆ ಬೀಳದು. ಅವಳು ಓಡಿಹೋಗಿ ಮೇನ್ ಸ್ವಿಚ್ಚನ್ನು ಎರಡೂ ಕೈಯಿಂದ ಕೆಳಗೆಳೆದಳು. ಅದೇ ಗಳಿಗೆಗೆ ಅವನು ತಂತಿ ಹಿಡಿದ.

ಏನೂ ಆಗಲಿಲ್ಲ. ಈರಣ್ಣ ಕೆಲಸ ಮುಗಿಸಿ, ಬೆವರು ಒರೆಸಿಕೊಳ್ಳುತ್ತ ಇಳಿದು ಬಂದ.

"ಪಾಠ ಭಾಳ ಚಲೋ ಐತ್ರಿ ಅಕ್ಕಾರ. ಎಲ್ಲೂ ಕೈ ತಡೀಲಿಲ್ಲ."

ನಾಗವೇಣಿ ಗೋಡೆಗೊರಗಿ ಕೇಳಿದಳು: "ನಿನ್ನ ಜೋಡಿ ಇದ್ದವರು ಎಲ್ಲಿ?"

"ಸಿದ್ಲಿಂಗ, ಮಾಬೂಬ ಏನ್ರಿ? ಅವರು ಮುಂಜಾನೇನ ಇದೇ ಪಾಠ ಕುಡದು ಊರಾಗಿನ ಕಂಬಕ್ಕ ಹೋಗ್ಯಾರ್ರೀ."