ಮೂರನೆಯ ಸದ್ದು

ಮಿಸೆಸ್ ಪ್ರೂಯಿಟ್ ಎದೆಬಡಿತದ ಧ್ವನಿಮುದ್ರಿಕೆ ಹಾಕಿದಾಗ ನರ್ಸಿಂಗ್ ತರಗತಿಯಲ್ಲಿದ್ದವರೆಲ್ಲ ಹುಬ್ಬು ಗಂಟಿಕ್ಕಿ ಕಿವಿಗೊಟ್ಟರು. ಲಬ್, ಡಬ್, ಅದರ ಬೆನ್ನಿಗೇ ಮೆತ್ತಗೆ ಮೂರನೆಯದೊಂದು ಸದ್ದು. ರೆನಾಟಾಳ ಬೆರಳು ಮಾತ್ರ ಆಗಲೇ ಮೇಜಿನ ಮೇಲೆ ಅದೇ ತಾಳ ಹಾಕುತ್ತಿತ್ತು.

“ಸಂಗೀತದ ಡಿಗ್ರಿ ಇದ್ರೆ ಹೀಗೆ ನೋಡಿ,” ಎಂದರು ಪ್ರೂಯಿಟ್. “ಹಳೇ ನರ್ಸ್‌ಗಳ ಕಿವಿಗೇ ಇದು ಸಿಗಲ್ಲ. ಎಲ್ಲಿ ಕೇಳಿದ್ದೆ, ರೆನಾಟಾ?”

“ನಮ್ಮಪ್ಪನ ಎದೇಲಿ.”

ಹದಿನೈದು ವರ್ಷ ಪಿಟ್ಸ್‌ಬರ್ಗ್‌ನ ಶಾಲಾಮಕ್ಕಳಿಗೆ ಪಿಟೀಲು ಕಲಿಸಿ, ನಲವತ್ತರಲ್ಲಿ, ಬೇರೆ ಪದವಿ ಇದ್ದವರಿಗೆಂದೇ ಇರುವ ಈ ಒಂದೇ ವರ್ಷದ ನರ್ಸಿಂಗ್ ಪದವಿಗೆ ಸೇರಿದವಳು ಅವಳು. ಮೊದಲ ವಾರವೇ ಸ್ಟೆತಾಸ್ಕೋಪ್ ಕೊಟ್ಟು, ಮನೆಯವರ ಮೇಲೆ ಅಭ್ಯಾಸ ಮಾಡಿ ಎಂದಿದ್ದರು. ಭಾನುವಾರ ಚರ್ಚಿನಿಂದ ಬಂದ ಅಪ್ಪ ಅಡುಗೆಮನೆಯ ಕುರ್ಚಿಯಲ್ಲಿ ಅಂಗಿಯ ಗುಂಡಿ ಬಿಚ್ಚಿ ಕೂರುತ್ತಿದ್ದ. “ಏನಮ್ಮಾ ನರ್ಸು, ಗಾಡಿ ಇನ್ನೂ ಓಡ್ತಿದ್ಯಾ?” ಅವಳು ಕೇಳಿದ ಮೊದಲ ಎದೆ ಅದೇ. ಎಲ್ಲರದೂ ಹೀಗೇ ಇರುತ್ತದೆ ಎಂದುಕೊಂಡು, ಸಾಲಾಗಿ ಆರು ಭಾನುವಾರ ನೋಟ್‌ಬುಕ್ಕಿನಲ್ಲಿ ‘ಸಹಜ’ ಎಂದು ಬರೆದಿದ್ದಳು.

“ಇದು ಸೋತು ಹೋಗ್ತಿರೋ ಹೃದಯದ ಸದ್ದು, ಬರ್ಕೊಳ್ಳಿ,” ಎಂದ ಪ್ರೂಯಿಟ್ ಅವಳತ್ತ ತಿರುಗಿದರು. “ಅಪ್ಪನ್ನ ಬೇಗ ಡಾಕ್ಟರಿಗೆ ತೋರಿಸಿಬಿಡಮ್ಮ.”

“ತೋರಿಸ್ತೀನಿ,” ಎಂದಳು ರೆನಾಟಾ.

ಒಂದೇ ದಿನದ ರಜೆಯಲ್ಲಿ ಅಪ್ಪನನ್ನು ಮಣ್ಣು ಮಾಡಿ ಬಂದು ಅವಳಿಗೆ ಇಪ್ಪತ್ತು ದಿನವಾಗಿತ್ತು.