ಹರಸಿದ ಬಾಯಿ

"ಅಜ್ಜಿ, ಈ ವಿಡಿಯೊದಲ್ಲಿರೋದು ನೀವೇ ತಾನೆ?" ತಾಲ್ಲೂಕು ಕಚೇರಿಯಿಂದ ಬಂದ ಥಾವೊನ್ ತನ್ನ ಮೊಬೈಲನ್ನು ಲಮೈ ಅಜ್ಜಿಯ ಮೂಗಿನ ಹತ್ತಿರ ಹಿಡಿದ.

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. ಹೌದು, ತಾನೇ. ತನ್ನದೇ ಜಗಲಿ, ತನ್ನದೇ ಚಾಪೆ, ಪ್ಲಾಸ್ಟರ್ ಹಾಕಿದ ತನ್ನದೇ ಎಡಗೈ. ಮೂರು ದಿನದ ಹಿಂದೆ, ಥಾಯ್ ಹೊಸ ವರ್ಷದ ಸೊಂಕ್ರಾನ್ ಹಬ್ಬದ ಬೆಳಿಗ್ಗೆ. ಪಂಚಾಯಿತಿ ಅಧ್ಯಕ್ಷ ಪ್ರಯೂನ್ ಮೊಣಕಾಲೂರಿ ಕುಳಿತು ಅವಳ ಬಲ ಅಂಗೈಗೆ ಮಲ್ಲಿಗೆ ತೇಲುವ ನೀರು ಸುರಿಯುತ್ತಿದ್ದಾನೆ. ಅವಳು ಆ ಒದ್ದೆ ಕೈಯನ್ನು ಅವನ ತಲೆಗೆ ಸವರಿ ಹರಸುತ್ತಿದ್ದಾಳೆ: "ತಿಳಿದೋ ತಿಳಿಯದೆಯೋ ಮಾಡಿದ್ದನ್ನೆಲ್ಲ ಕ್ಷಮಿಸಿದೀನಿ ಮಗ. ನೂರು ವರ್ಷ ಬಾಳು. ಇನ್ನೂ ದೊಡ್ಡ ಪದವಿ ಸಿಗಲಿ."

"ದೊಡ್ಡ ಪದವಿಯಂತೆ!" ಒಳಗಿನಿಂದ ಮಗಳು ಬುಸಾಬಳ ದನಿ ಬಂತು. "ಒಂದು ಕೈ ಮುರಿದಿದ್ದಕ್ಕೆ ದೊಡ್ಡ ಪದವಿ. ಎರಡೂ ಮುರಿದಿದ್ರೆ ಮಂತ್ರಿ ಮಾಡ್ತಿದ್ದೆಯೇನಮ್ಮ?"

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಪ್ರಯೂನ್ ಕಂಠಪೂರ್ತಿ ಕುಡಿದು, ಪಂಚಾಯಿತಿಯ ಪಿಕಪ್ ಗಾಡಿಯನ್ನು ಅಜ್ಜಿಯ ಅಂಗಡಿಗೇ ನುಗ್ಗಿಸಿದ್ದ. ರಸ್ತೆ ಬದಿಯ ಅಂಗಡಿಯಲ್ಲಿ ಬಾಳೆಹಣ್ಣು ಸುಡುತ್ತಾ ಕೂತಿದ್ದ ಅಜ್ಜಿ ಕೆಂಡದ ಒಲೆಯಾಚೆ ಹೋಗಿ ಬಿದ್ದಿದ್ದಳು. ಪೊಲೀಸರು ಅವನ ಬಾಯಿಗೆ ನಳಿಕೆ ಇಟ್ಟು ಊದಿಸಿ ಹಿಡಿದುಕೊಂಡು ಹೋದರು. ಮರುದಿನ ಬೆಳಿಗ್ಗೆ ಜಾಮೀನಿನ ಮೇಲೆ ಹೊರಬಂದವನು ಬೆಳ್ಳಿ ಬಟ್ಟಲು ಹಿಡಿದು ಜಗಲಿ ಹತ್ತಿದ್ದ. ಹಿಂದೆ ಮೊಬೈಲ್ ಹಿಡಿದವನೊಬ್ಬನಿದ್ದ.

ಹಬ್ಬದ ದಿನ ಕಿರಿಯರು ಬಂದು ಕೈಗೆ ನೀರು ಹಾಕಿದರೆ ಹಿರಿಯರು ಹರಸಲೇಬೇಕು. ಹರಸದೆ ಕಳಿಸಿದವರನ್ನು ಲಮೈ ಅಜ್ಜಿ ಎಪ್ಪತ್ತಾರು ವರ್ಷದಲ್ಲಿ ಕಂಡಿರಲಿಲ್ಲ. ಎಮ್ಮೆ ಕದ್ದವನನ್ನೂ, ಹೆಂಡತಿಯ ತಲೆ ಒಡೆದವನನ್ನೂ ತನ್ನ ತಾಯಿ ಇದೇ ಮಾತಿನಲ್ಲಿ ಹರಸಿದ್ದು ಅವಳಿಗೆ ನೆನಪಿತ್ತು. ಅಂಗೈ ಮೇಲೆ ನೀರು ಬಿದ್ದದ್ದೇ ತಡ, ಬಾಯಿ ತಾನಾಗಿ ನಡೆದುಬಿಟ್ಟಿತ್ತು. 'ದೊಡ್ಡ ಪದವಿ' ಅನ್ನುವವರೆಗೆ ನಿಲ್ಲಲಿಲ್ಲ.

ಥಾವೊನ್ ಚೀಲದಿಂದ ಒಂದು ಕಾಗದ, ಮಸಿಯ ಡಬ್ಬಿ ತೆಗೆದಿಟ್ಟ. "ನೋಡಿ ಅಜ್ಜಿ, ಕೋರ್ಟಿಂದು ಬೇರೆ. ಇದು ಅಧ್ಯಕ್ಷರನ್ನ ಕುರ್ಚಿಯಿಂದ ಇಳಿಸಬೇಕೋ ಬೇಡವೋ ಅನ್ನೋ ವಿಚಾರಣೆ. ನೀವು ಕ್ಷಮಿಸಿದ್ದೀರಿ ಅಂತ ಅವರೇ ಈ ವಿಡಿಯೊ ಕಳಿಸಿದಾರೆ. ದೂರಿಲ್ಲ ಅಂದ್ರೆ ಇಲ್ಲಿ ಹೆಬ್ಬೆಟ್ಟು ಒತ್ತಿ. ಎಚ್ಚರಿಕೆ ಕೊಟ್ಟು ಮುಗಿಸ್ತೀವಿ, ಸೋಮವಾರದಿಂದ ಅವರು ಮತ್ತೆ ಕೂರಬಹುದು. ದೂರಿದೆ ಅಂದ್ರೆ ಈ ಕಡೆ ಒತ್ತಿ."

"ಎರಡೂ ಕಡೆ ಒತ್ತಬಹುದೇನಪ್ಪ?"

"ಆಗಲ್ಲ ಅಜ್ಜಿ. ಒಂದೇ ಕಡೆ."

ಬುಸಾಬ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಅಮ್ಮ, ಸೋಮವಾರ ಅವನಿಗೆ ಗಾಡಿ ಕೀಲಿನೂ ವಾಪಸು ಸಿಗುತ್ತೆ. ಅದೇ ರಸ್ತೆ. ಇನ್ನು ಅಂಗಡೀಲಿ ಕೂರೋಳು ನಾನು. ಯೋಚನೆ ಮಾಡಿ ಒತ್ತು."

"ನೀವು ಕ್ಷಮಿಸಿದ್ದು ನಿಜ ತಾನೆ?" ಥಾವೊನ್ ಕೇಳಿದ.

"ಹಬ್ಬದ ದಿನ ಸುಳ್ಳು ಹೇಳ್ತೀನಾ? ಅವನ ಅಮ್ಮ ಸತ್ತಾಗ ಅಂಟನ್ನದ ಉಂಡೆ ಕಟ್ಟಿ ಅವನ ಬಾಯಿಗಿಟ್ಟೋಳು ನಾನು."

"ಹಾಗಾದ್ರೆ ದೂರಿಲ್ಲ."

"ಇಲ್ಲ ಅಂತ ಎಲ್ಲಿ ಅಂದೆ? ಕೈ ನೋಯ್ತಾ ಇದೆಯಲ್ಲ."

ಥಾವೊನ್ ಲೇಖನಿಯ ತುದಿಯಿಂದ ತಲೆ ಕೆರೆದುಕೊಂಡ. ಅಜ್ಜಿ ಹೆಬ್ಬೆರಳನ್ನು ಮಸಿಯ ತನಕ ಒಯ್ದು ನಿಲ್ಲಿಸಿದಳು. ಹರಸಿದ ಬಾಯಲ್ಲೇ ದೂರು ಹೇಳಿದರೆ, ಕೊಟ್ಟ ಆಶೀರ್ವಾದವೇ ಶಾಪವಾಗಿ ಆ ಹುಡುಗನ ತಲೆಗೇ ಬಡಿದರೆ? ದೂರಿಲ್ಲ ಎಂದರೆ, ಸೋಮವಾರ ಆ ಗಾಡಿ ಬಂದಾಗ ಒಲೆಯ ಮುಂದೆ ಬುಸಾಬ. ಇಷ್ಟು ವರ್ಷದಲ್ಲಿ ಎಷ್ಟೋ ಜನರ ತಲೆ ಮುಟ್ಟಿ ಹರಸಿದ್ದಳು. ಹರಸಿದ ಮೇಲೆ ಯಾರೂ ಕಾಗದ ಹಿಡಿದು ಬಂದಿರಲಿಲ್ಲ. ಅವಳು ಹೆಬ್ಬೆರಳನ್ನು ಮಡಚಿಕೊಂಡಳು.

"ಮಗ, ಆ ಗಾಡಿ ಯಾರದು?"

"ಪಂಚಾಯಿತೀದು."

"ಅದರ ಕೀಲಿ ಪ್ರಯೂನ್ ಕೈಗೆ ಹೇಗೆ ಬಂತು?"

"ಅಧ್ಯಕ್ಷರಲ್ಲವಾ ಅಜ್ಜಿ? ಅಧ್ಯಕ್ಷರಿಗೆ ಅಂತಲೇ ಕೊಟ್ಟಿರೋ ಗಾಡಿ."

ಅಜ್ಜಿ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ ಅಂದಳು: "ಅವತ್ತು ಇಲ್ಲಿ ಬಂದೋನು, 'ಅಜ್ಜಿ, ನಾನು ನಿಮ್ಮ ಪ್ರಯೂನ್' ಅಂದ. ಅವನ ಪಾಲಿನ ನೀರು ಅವನು ಹಾಕಿ ಹೋದ. ನಾನೂ ಹರಸಿದೆ. ಗಾಡಿ ನುಗ್ಗಿಸಿದ ಅಧ್ಯಕ್ಷರ ಪಾಲಿನ ನೀರು ಯಾರು ಹಾಕ್ತಾರೆ? ಅದಕ್ಕೇ ನಿನ್ನ ಕಳಿಸಿದಾರೇನಪ್ಪ?"

ಬುಸಾಬ ಕಿಸಕ್ಕನೆ ನಕ್ಕಳು. ಅಜ್ಜಿ ನಗಲಿಲ್ಲ. ಅದನ್ನು ಯಾರು ಹಾಕಬೇಕೆಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕಾಗದವನ್ನು ಪಕ್ಕಕ್ಕೆ ಸರಿಸಿ, ಗಟ್ಟಿಯಿದ್ದ ಒಂದೇ ಕೈಯ ಅಂಗೈಯನ್ನು ಗುಳಿ ಮಾಡಿ ಅವನ ಮುಂದೆ ಚಾಚಿ ಕಾದಳು.

ಥಾವೊನ್ ಆ ಅಂಗೈ ನೋಡಿದ, ಕಾಗದ ನೋಡಿದ. ಕಚೇರಿಯವರು ಅವನಿಗೆ ಮಸಿ ಕೊಟ್ಟು ಕಳಿಸಿದ್ದರು, ನೀರು ಕೊಟ್ಟಿರಲಿಲ್ಲ.