ಒಣಮೀನಿನ ವಾಸನೆಯ ಗಗನನೌಕೆ

ಹೊಸ ವೈಜ್ಞಾನಿಕ ಕಾದಂಬರಿಯೊಂದನ್ನು ಓದಿ ಮುಗಿಸಿ ಗೆಳತಿಯರಿಗೆ ‘ಇದನ್ನು ಓದಿ’ ಎಂದು ಹೇಳುವಾಗಲೆಲ್ಲ ನನ್ನ ಮೂಗಿಗೆ ಒಣಮೀನಿನ ವಾಸನೆ ಬರುತ್ತದೆ.

ಆಗ ನಾನೂ ಶೈಲಾಳೂ ಏಳನೇ ತರಗತಿ. ಗಂಗೊಳ್ಳಿಯ ನಮ್ಮ ಶಾಲೆಯ ಕಪಾಟಿನಲ್ಲಿದ್ದ ಗಗನನೌಕೆಯ ಕತೆಗಳಿಗೆಲ್ಲ ನಾವಿಬ್ಬರೇ ಗಿರಾಕಿಗಳು. ಒಬ್ಬಳು ಓದಿ ಇನ್ನೊಬ್ಬಳಿಗೆ ದಾಟಿಸುವುದು ನಮ್ಮ ಕ್ರಮ. ಆ ಮಧ್ಯಾಹ್ನ ಹೊಸದಾಗಿ ಬಂದ ಪುಸ್ತಕ ಹಿಡಿದು ಅವಳ ಮನೆಗೆ ಹೋದಾಗ ಅವಳೂ ಅವಳಮ್ಮನೂ ಅಂಗಳದ ಚಾಪೆಯ ಮೇಲೆ ಉಪ್ಪು ಸವರಿದ ಬಂಗುಡೆ ಮೀನು ಹರವುತ್ತಿದ್ದರು. ಅವಳಪ್ಪ ಹೋದ ದೋಣಿಯಿಂದ ಮೂರು ದಿನಗಳಿಂದ ಸುದ್ದಿಯಿರಲಿಲ್ಲ. ಅದು ನನಗೆ ಗೊತ್ತಾದದ್ದು ಆಮೇಲೆ.

“ಇದನ್ನ್ ಓದ್ಬೇಡ ಮಾರಾಯ್ತಿ,” ಎಂದೆ. “ಕಡಿಗೆ ನೌಕೆಯಿಂದ ಸುದ್ದಿಯೇ ಬತ್ತಿಲ್ಲ. ಎಲ್ಲ ಸತ್ರ್.”

ಶೈಲಾಳ ಕೈ ನಿಂತಿತು. ಅವಳಮ್ಮ ಮಾತ್ರ ಬಂಗುಡೆಯೊಂದನ್ನು ಮಗುಚಿ ಹಾಕುತ್ತ ಕೇಳಿದರು: “ಸತ್ರ್ ಅಂದ್ ಪುಸ್ತಕ್ದಗೆ ಬರ್ದಿತ್ತಾ ಹೆಣ್ಣೆ?”

“ಇಲ್ಲ. ಸುದ್ದಿ ಇಲ್ಲ ಅಂದ್ ಬರ್ದಿತ್ತ್.”

“ಸುದ್ದಿ ಇಲ್ದಿರೆ ಸುದ್ದಿ ಇಲ್ಲ, ಅಷ್ಟೇ. ನೀ ಎಂತಕ್ ಸಾಯ್ಸುದ್? ಕೊಡ್ ಅವ್ಳಿಗೆ, ಓದ್ಲಿ.”

ಉಪ್ಪಿನ ಕೈಯಲ್ಲೇ ಪುಸ್ತಕ ತೆಗೆದುಕೊಂಡು ಮಗಳ ಮಡಿಲಿಗಿಟ್ಟರು.

ಎರಡು ದಿನ ಬಿಟ್ಟು ಶೈಲಾ ಓಡೋಡಿ ಬಂದು ಅದನ್ನು ಹಿಂದಿರುಗಿಸಿದಳು. ಪುಟಪುಟವೂ ಒಣಮೀನು ನಾರುತ್ತಿತ್ತು. ಕೊನೆಯ ಸಾಲಿನ ಕೆಳಗೆ, ಪೆನ್ಸಿಲಿನಲ್ಲಿ, ಗುಂಡಗಿನ ಅಕ್ಷರಗಳಲ್ಲಿ ಅವಳು ಒಂದೇ ಮಾತು ಬರೆದಿದ್ದಳು:

“ಬಂದ್ರ್.”